ಶನಿವಾರ ನೆನೆದ ಕಾಳು, ರವಿವಾರದ ದೋಸೆ

ಇವತ್ತು ದೋಸೆಯ ವಿಷಯ ಮಾತಾಡೋಣ. ಹೋಟೆಲಿನ ಮಸಾಲೆ ದೋಸೆಯ ಮಾತಲ್ಲ. ಅಕ್ಕಿಯ ಬಿಳಿ ದೋಸೆಯ ಮಾತೂ ಅಲ್ಲ. ಗೋದಿ, ಜೋಳ, ರಾಗಿ, ಸಜ್ಜೆ. ಹೊಟ್ಟು ತೆಗೆಯದ ಇಡೀ ಕಾಳು. ಆ ಕಾಳಿನಿಂದಲೇ ಶುರುಮಾಡಿ ಮನೆಯಲ್ಲಿ ಹುಯ್ಯುವ ದೋಸೆ. ರವಿವಾರ ಬೆಳಿಗ್ಗೆ, ಮನೆಮಂದಿಯೆಲ್ಲ ಕೂತು ತಿನ್ನುವ ದೋಸೆ.

ನಾನಿರುವುದು ಖಡಕಿಯಲ್ಲಿ. ಪುಣೆಯಿಂದ ಮುಂಬಯಿ ಕಡೆ ಲೋಕಲ್ ರೈಲು ಹಿಡಿದರೆ ಮೊದಲು ಶಿವಾಜಿನಗರ, ಆಮೇಲೆ ಖಡಕಿ. ಬದಿಯಲ್ಲಿ ಮುಳಾ ನದಿ. ದೊಡ್ಡ ದೊಡ್ಡ ಮರಗಳಿರುವ ದಂಡಿನ ಪ್ರದೇಶ. 1817ರ ನವೆಂಬರ್ 5ರಂದು ಎರಡನೆಯ ಬಾಜೀರಾಯ ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗ ನಡೆದದ್ದು ಇಲ್ಲೇ. ಆಮೇಲೆ ಇಂಗ್ಲಿಷರು ಇಲ್ಲಿ ದಂಡು ಕಟ್ಟಿದರು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಬಾಂಬೆ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ಕೇಂದ್ರ ಇಂದಿಗೂ ಇಲ್ಲಿದೆ. ದುಡಿಮೆ ಹುಡುಕಿಕೊಂಡು ನಾನಾ ಕಡೆಯವರು ಬಂದು ನೆಲೆಸಿದ ಊರಿದು. ಖಡಕಿ ಬಜಾರಿನ ಒಂದೇ ಓಣಿಯಲ್ಲಿ ಮರಾಠಿ, ಕನ್ನಡ, ತೆಲುಗು, ತಮಿಳು ಎಲ್ಲ ಕಿವಿಗೆ ಬೀಳುತ್ತವೆ.

ಇಷ್ಟು ಊರಿನ ಮಾತು ಯಾಕೆ ಅಂದರೆ, ಕಾರ್ಖಾನೆಯ ಊರಿಗೆ ಗಡಿಯಾರವೇ ಯಜಮಾನ. ವಾರವೆಲ್ಲ ಬೆಳಿಗ್ಗೆ ಅವಸರ. ಪಾಳಿಗೆ ಹೊರಡುವವರಿಗೆ ಡಬ್ಬಿ ಕಟ್ಟಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು. ಅವಸರದ ಬೆಳಗಿಗೆ ಅವಲಕ್ಕಿ ಇದೆ, ಉಪ್ಪಿಟ್ಟು ಇದೆ. ರವಿವಾರ ಒಂದೇ ದಿನ ಒಲೆಯ ಮುಂದೆ ನಿಧಾನವಾಗಿ ನಿಲ್ಲಬಹುದು. ಇಡೀ ಕಾಳಿನ ದೋಸೆಗೆ ಬೇಕಾದದ್ದು ಈ ನಿಧಾನವೇ. ಅದಕ್ಕೆ ವೇಳೆ ಕೊಡಬೇಕು. ನಾನು ಇವತ್ತು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ.

ಮೊದಲು ಕಾಳನ್ನು ತಿಳಿಯೋಣ. ಒಂದು ಗೋದಿ ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ಬೆರಳಿನಿಂದ ಸವರಿದರೆ ಒಂದು ಬದಿಗೆ ಉದ್ದದ ಸೀಳು ಸಿಗುತ್ತದೆ. ಹೊರಗಿನ ಗಟ್ಟಿ ಪದರ ಹೊಟ್ಟು. ಒಂದು ತುದಿಯಲ್ಲಿ ಚಿಕ್ಕದಾಗಿ ಮೊಳಕೆಯ ಭಾಗ. ಉಳಿದದ್ದೆಲ್ಲ ಒಳಗಿನ ಬಿಳಿ ಹಿಟ್ಟು. ನೂರು ಪಾಲು ಮಾಡಿದರೆ ಹೊಟ್ಟು ಸುಮಾರು 15 ಪಾಲು. ಮೊಳಕೆ ಎರಡು ಮೂರು ಪಾಲು. ಉಳಿದ 80ಕ್ಕಿಂತ ಹೆಚ್ಚು ಬಿಳಿ ಹಿಟ್ಟು. ಮೈದಾ ಅಂದರೆ ಈ ಬಿಳಿ ಹಿಟ್ಟು ಮಾತ್ರ. ನಾರು ಹೊಟ್ಟಿನಲ್ಲಿದೆ. ಎಣ್ಣೆಯ ಅಂಶ ಮೊಳಕೆಯಲ್ಲಿದೆ. ಕಬ್ಬಿಣ, ಸತು, ಬಿ ಗುಂಪಿನ ಜೀವಸತ್ವಗಳು ಬಹುಮಟ್ಟಿಗೆ ಇವೆರಡರಲ್ಲೇ ಇವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಕೋಷ್ಟಕ ಪ್ರಕಟಿಸಿತು. ಅದರಲ್ಲಿ ನೂರು ಗ್ರಾಂ ಇಡೀ ಗೋದಿಗೆ ನಾರು ಸುಮಾರು 11 ಗ್ರಾಂ. ರಾಗಿಗೂ ಸಜ್ಜೆಗೂ ಹೆಚ್ಚುಕಡಿಮೆ ಅಷ್ಟೇ. ಜೋಳಕ್ಕೆ 10. ಮೈದಾಕ್ಕೂ ಪಾಲಿಶ್ ಮಾಡಿದ ಅಕ್ಕಿಗೂ 3 ಗ್ರಾಮಿಗಿಂತ ಕಡಿಮೆ. ಈ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ, ಸಾಕು. ಹನ್ನೊಂದು ಎಲ್ಲಿ, ಮೂರು ಎಲ್ಲಿ.

ಆದರೆ ಹೊಟ್ಟಿನ ಸ್ವಭಾವ ಬೇರೆ. ಬಿಳಿ ಹಿಟ್ಟು ನೀರನ್ನು ತಕ್ಷಣ ಕುಡಿಯುತ್ತದೆ. ಹೊಟ್ಟು ಹಾಗಲ್ಲ. ಬಟ್ಟೆ ನೀರಿಗೆ ಹಾಕಿದ ಕೂಡಲೇ ಒದ್ದೆಯಾಗುತ್ತದೆ, ತೊಗಲು ಮೆತ್ತಗಾಗಲು ರಾತ್ರಿಯೇ ಬೇಕು, ಹಾಗೆ. ಇಡೀ ಕಾಳಿನ ಹಿಟ್ಟನ್ನು ಕಲಸಿದ ಕೂಡಲೇ ಹಂಚಿಗೆ ಹುಯ್ದರೆ ದೋಸೆ ಮುರಿಯುತ್ತದೆ. ನಾಲಿಗೆಗೆ ತರಿತರಿ. ಮಕ್ಕಳು ತಟ್ಟೆ ಸರಿಸಿಬಿಡುತ್ತಾರೆ. ಆಗ ನಾವು ರಾಗಿ ಮಕ್ಕಳಿಗೆ ಸೇರುವುದಿಲ್ಲ, ಜೋಳ ದೋಸೆಗೆ ಒಗ್ಗುವುದಿಲ್ಲ ಅನ್ನುತ್ತೇವೆ. ಪಾಪ, ಆ ಕಾಳಿನದೇನೂ ತಪ್ಪಿಲ್ಲ. ಅದಕ್ಕೆ ನೆನೆಯುವಷ್ಟು ಹೊತ್ತು ಸಿಕ್ಕಿಲ್ಲ.

ನೆನೆಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಹೊಟ್ಟಿನಲ್ಲಿ ಫೈಟಿಕ್ ಆಮ್ಲ ಎಂಬ ಅಂಶವಿದೆ. ಕಾಳು ತನ್ನ ಮುಂದಿನ ಮೊಳಕೆಗಾಗಿ ರಂಜಕವನ್ನು ಆ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅದು ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಮೈಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕಾಳು ನೆನೆದಾಗ, ಮೊಳೆತಾಗ, ಹಿಟ್ಟು ಹುಳಿ ಬಂದಾಗ ಆ ಹಿಡಿತ ಸಡಿಲವಾಗುತ್ತದೆ. ರಾತ್ರಿಯೆಲ್ಲ ಹಿಟ್ಟನ್ನು ಇಟ್ಟು ಬೆಳಿಗ್ಗೆ ದೋಸೆ ಹುಯ್ಯುವ ನಮ್ಮ ಹಿರಿಯರ ರೂಢಿಯಲ್ಲಿ ಈ ಲಾಭವೂ ಇತ್ತು.

ಸರಿ. ಹೊಟ್ಟಿನಲ್ಲಿ ಸಾರವಿದೆ, ಆ ಹೊಟ್ಟಿಗೆ ನೀರೂ ವೇಳೆಯೂ ಬೇಕು. ಇದು ಮೊದಲನೆಯ ಮಾತು. ಇನ್ನು ಹಿಟ್ಟು ಎಲ್ಲಿಂದ ತರುವುದು ಅನ್ನುವುದಕ್ಕೆ ಬರೋಣ.

ಮೊಳಕೆಯ ಭಾಗದಲ್ಲಿ ಎಣ್ಣೆ ಇದೆ ಅಂದೆ. ಕಾಳು ಇಡಿಯಾಗಿದ್ದಾಗ ಆ ಎಣ್ಣೆ ಭದ್ರ. ಬೀಸಿದ ಕೂಡಲೇ ಗಾಳಿಗೆ ತೆರೆದುಕೊಳ್ಳುತ್ತದೆ. ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ಸಜ್ಜೆಯಲ್ಲಿ ಇದು ಬಹಳ ಬೇಗ. ಅದರಲ್ಲಿ ಎಣ್ಣೆಯ ಅಂಶ ನೂರಕ್ಕೆ ಐದರಷ್ಟು, ಗೋದಿಗಿಂತ ಹೆಚ್ಚು. ಬೇಸಿಗೆಯಲ್ಲಿ ಸಜ್ಜೆ ಹಿಟ್ಟು ಒಂದೆರಡು ವಾರದಲ್ಲೇ ಕಹಿಯಾಗುತ್ತದೆ. ಹಿಟ್ಟು ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂಡಬೇಕು ಅಂದರೆ ಮೊಳಕೆಯನ್ನೂ ಹೊಟ್ಟನ್ನೂ ತೆಗೆಯುವುದು ಗಿರಾಕಿಗೆ ಅಲ್ಲ, ಗೋದಾಮಿಗೆ ಅನುಕೂಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಕ್ಕಿನ ಉರುಳೆಗಳ ಮಿಲ್ಲುಗಳು ಬಂದವು. ಅವು ಹೊಟ್ಟನ್ನೂ ಮೊಳಕೆಯನ್ನೂ ಸಲೀಸಾಗಿ ಬೇರೆ ಮಾಡಿಬಿಟ್ಟವು. ಬಿಳಿ ಹಿಟ್ಟು ಜಗತ್ತಿಗೆಲ್ಲ ಅಗ್ಗವಾಗಿ ಹರಡಿತು.

ಕಾಳು ಇಡಿಯಾಗಿದ್ದಾಗ ಎಷ್ಟು ಕಾಲ ತಾಳುತ್ತದೆ ಅನ್ನುವುದಕ್ಕೆ ಕನ್ನಡದಲ್ಲೇ ದೊಡ್ಡ ಸಾಕ್ಷಿ ಇದೆ. ಕನಕದಾಸರ ರಾಮಧಾನ್ಯ ಚರಿತೆ. ರಾಗಿಗೂ ಭತ್ತಕ್ಕೂ ಯಾರು ಹೆಚ್ಚು ಎಂದು ಜಗಳ. ಶ್ರೀರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಭತ್ತ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ಬಡವರ ಕಾಳಿನ ಪರವಾಗಿ ಕನಕದಾಸರು ಕೊಟ್ಟ ತೀರ್ಪು ಅದು. ಹಳೆ ಮೈಸೂರಿನ ರೈತರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕಾಳು ಕಾಯುತ್ತದೆ, ಹಿಟ್ಟು ಕಾಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಕಾಳನ್ನು ಇಟ್ಟುಕೊಳ್ಳಿ. ಹಿಟ್ಟನ್ನು ಬೇಕಾದಷ್ಟೇ ಬೀಸಿಸಿ.

ಪುಣೆಯಲ್ಲಿ ಇದಕ್ಕೆ ತೊಂದರೆಯಿಲ್ಲ. ಓಣಿ ಓಣಿಗೂ ಗಿರಣಿ ಇದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಇರುವಂತೆಯೇ. ಡಬ್ಬಿಯಲ್ಲಿ ಕಾಳು ಒಯ್ದರೆ ಎದುರಿಗೇ ಬೀಸಿ ಕೊಡುತ್ತಾರೆ. ಕೆಲವು ಮನೆಗಳಲ್ಲಿ ಘರಘಂಟಿ ಎಂಬ ಚಿಕ್ಕ ವಿದ್ಯುತ್ ಗಿರಣಿಯೂ ಇರುತ್ತದೆ. ಗಿರಣಿಗೆ ಹೋದಾಗ ಎರಡು ಮಾತು ಗಮನಿಸಿ. ನಿಮಗಿಂತ ಮುಂಚೆ ಏನು ಬೀಸಿದರು ಎಂದು ಕೇಳಿ. ಕಡಲೆಬೇಳೆ ಬೀಸಿದ ಬೆನ್ನಿಗೆ ನಿಮ್ಮ ರಾಗಿ ಬಿದ್ದರೆ ಅದರ ಪುಡಿ ಇದರಲ್ಲಿ ಸೇರುತ್ತದೆ. ಇನ್ನೊಂದು, ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರುತ್ತದೆ. ಮನೆಗೆ ಬಂದ ಕೂಡಲೇ ಮುಚ್ಚಳ ತೆಗೆಯಿರಿ. ಒಣ ಬಟ್ಟೆಯ ಮೇಲೆ ಹರವಿ ಆರಿಸಿ. ಬಿಸಿ ಹಿಟ್ಟನ್ನು ಮುಚ್ಚಿಟ್ಟರೆ ಬೆವರು ಕಟ್ಟಿ ಬೇಗ ಕೆಡುತ್ತದೆ.

ಇಲ್ಲಿಯವರೆಗೆ ಎರಡು ಮಾತಾಯಿತು. ಹೊಟ್ಟಿಗೆ ವೇಳೆ ಕೊಡಬೇಕು. ಹಿಟ್ಟಿಗೆ ಬಹಳ ವೇಳೆ ಕೊಡಬಾರದು, ತಾಜಾ ಇರಬೇಕು. ಮೂರನೆಯದು, ಯಾವ ಕಾಳು?

ದೋಸೆಗೆ ಅಕ್ಕಿ ಇರಲೇಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅರಮನೆಯ ಅಡಿಗೆಯ ವಿವರ ಅದರಲ್ಲಿ ಬಹಳ. ಅಲ್ಲಿ ಧೋಸಕ ಎಂಬ ತಿನಿಸು ಬರುತ್ತದೆ. ಅದನ್ನು ಮಾಡುತ್ತಿದ್ದದ್ದು ಬೇಳೆಕಾಳಿನಿಂದ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅದು ಬೀದರ ಜಿಲ್ಲೆ, ಜೋಳದ ನಾಡು. ಹಾಗಾಗಿ ಜೋಳದ ದೋಸೆ ಮಾಡುವಾಗ ಏನೋ ಹೊಸ ಫ್ಯಾಶನ್ ಮಾಡುತ್ತಿದ್ದೇವೆ ಅನ್ನುವ ಅಳುಕು ಬೇಡ.

ಜೋಳ ಅಂದರೆ ನನಗೆ ಹಿಂಗಾರಿನ ಬಿಳಿಜೋಳವೇ. ಸೊಲ್ಲಾಪುರ, ಮಂಗಳವೇಢೆ, ವಿಜಯಪುರದ ಕರಿ ಮಣ್ಣಿನಲ್ಲಿ ಮಳೆ ನಿಂತ ಮೇಲೆ ಬೆಳೆಯುವ ಮಾಲದಂಡಿ ಜೋಳ. ಕಾಳು ಮುತ್ತಿನ ಬಣ್ಣ. ಕಡಿದರೆ ಸ್ವಲ್ಪ ಸಿಹಿ. ಖಡಕಿಯ ಕಿರಾಣಿ ಅಂಗಡಿಯಲ್ಲೂ ಮಾಲದಂಡಿ ಎಂದು ಕೇಳಿದರೆ ಸಿಗುತ್ತದೆ. ಜೋಳದಲ್ಲಿ ಅಂಟಿಲ್ಲ. ಅದೊಂದರಿಂದಲೇ ದೋಸೆ ಮಾಡಿದರೆ ಎತ್ತುವಾಗ ಮುರಿಯುತ್ತದೆ. ಉದ್ದು ಅಥವಾ ಗೋದಿ ಜೊತೆಗಿದ್ದರೆ ಹಿಡಿದುಕೊಳ್ಳುತ್ತದೆ.

ಗೋದಿಯಲ್ಲಿ ಅಂಟು ಹೆಚ್ಚು. ಅದೊಂದೇ ಹಾಕಿದರೆ ದೋಸೆ ರಬ್ಬರಿನಂತಾಗುವ ಭಯ. ಮೂರರಲ್ಲಿ ಒಂದು ಪಾಲು ಸಾಕು. ಸಿಕ್ಕರೆ ಕಪಲಿ ಗೋದಿ ತನ್ನಿ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಸದಕ, ಜವೆಗೋದಿ ಎನ್ನುವುದು ಇದನ್ನೇ. ಬಹಳ ಹಳೆಯ ಗೋದಿ. ಕಾಳಿಗೆ ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಬಡಿದು ಬೇರೆ ಮಾಡಬೇಕು. ಅಂಟು ಮೆದು, ಬಣ್ಣ ಕೆಂಪು. ಹುಗ್ಗಿಗೂ ಶಾವಿಗೆಗೂ ಹೆಸರಾದ ಗೋದಿ. ದೋಸೆಗೆ ಹಾಕಿದರೆ ಅಂಚು ಗರಿಗರಿ. ಇಳುವರಿ ಕಡಿಮೆ ಎಂದು ರೈತರು ಇದನ್ನು ಕೈಬಿಡುತ್ತಿದ್ದ ಕಾಲದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಪುಣೆಯ ಆಘಾರಕರ ಸಂಶೋಧನ ಸಂಸ್ಥೆಯವರೂ ಗಿಡ್ಡ ತಳಿಗಳನ್ನು ಬೆಳೆಸಿ ಕೊಟ್ಟರು. ಆಘಾರಕರ ಸಂಸ್ಥೆ 1946ರಲ್ಲಿ ಶುರುವಾದದ್ದು. ಅವರ ಎಂಎಸಿಎಸ್ 2971 ಎಂಬ ತಳಿ ಮಹಾರಾಷ್ಟ್ರದ ಜೊತೆಗೆ ಕರ್ನಾಟಕದ ಹೊಲಕ್ಕೂ ಬಂದಿದೆ. ಈ ವಿಜ್ಞಾನಿಗಳ ಕೆಲಸವನ್ನು ನಾವು ತಿನ್ನುವಾಗ ನೆನೆಯಬೇಕು.

ಇನ್ನು ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸುಮಾರು 350 ಮಿಲಿಗ್ರಾಂ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿ ಕಾಳು ಎಷ್ಟು ಸಣ್ಣದೆಂದರೆ ಒಳ್ಳಿಗೆ ಹಾಕಿ ಕುಟ್ಟಿ ಹೊಟ್ಟು ತೆಗೆಯುವುದಕ್ಕೇ ಆಗುವುದಿಲ್ಲ. ಹಾಗಾಗಿ ರಾಗಿ ತಿಂದವರು ಬಹುಮಟ್ಟಿಗೆ ಇಡೀ ಕಾಳನ್ನೇ ತಿಂದರು. ಇದು ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಬೆಳೆ. ಆ ಕಡೆಯ ಇಥಿಯೋಪಿಯಾದಲ್ಲಿ ಟೆಫ್ ಎಂಬ ಕಾಳಿದೆ. ರಾಗಿಗಿಂತಲೂ ಸಣ್ಣದು. ಅದರ ಹಿಟ್ಟನ್ನು ಎರಡು ಮೂರು ದಿನ ಹುಳಿಯಿಟ್ಟು ಅಗಲವಾದ ಮಣ್ಣಿನ ಹಂಚಿನ ಮೇಲೆ ಹುಯ್ಯುತ್ತಾರೆ. ಮೇಲೆಲ್ಲ ತೂತು. ಹೆಸರು ಇಂಜೇರಾ. ತಟ್ಟೆಯೂ ಅದೇ, ಊಟವೂ ಅದೇ. ಅದರ ಮೇಲೇ ಪಲ್ಯ, ಬೇಳೆ ಬಡಿಸಿಕೊಂಡು ಕೈಯಿಂದ ಮುರಿದು ತಿನ್ನುತ್ತಾರೆ. ಅವರು ನಮಗಿಂತ ಹೆಚ್ಚು ವೇಳೆ ಕೊಡುತ್ತಾರೆ ನೋಡಿ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆಗ ಪೇಟೆಯಲ್ಲಿ ರಾಗಿ ದೋಸೆಯ ದಿಢೀರ್ ಪುಡಿಗಳು ಬಹಳ ಬಂದವು. ನನಗೆ ಆ ಪುಡಿಗಳು ಒಪ್ಪಿಗೆಯಿಲ್ಲ. ರಾಗಿಯಿಂದ ಅದರ ನಿಧಾನವನ್ನು ಕಿತ್ತುಕೊಂಡರೆ ಅರ್ಧ ರುಚಿಯೂ ಹೋಯಿತು.

ಕಾಳಿನ ಮಾತು ಮುಗಿಯಿತು. ಜೋಳ ರುಚಿಗೆ, ಗೋದಿ ಹಿಡಿತಕ್ಕೆ, ರಾಗಿ ಸತ್ವಕ್ಕೆ. ಈಗ ಶನಿವಾರಕ್ಕೆ ಬರೋಣ. ಕಾಗದ, ಪೆನ್ಸಿಲು ಹತ್ತಿರ ಇದ್ದರೆ ಬರೆದುಕೊಳ್ಳಿ. ನಿಧಾನವಾಗಿ ಹೇಳುತ್ತೇನೆ.

ನಾಲ್ಕು ಜನರಿಗೆ ಅಳತೆ ಇದು. ಜೋಳ ಒಂದು ಬಟ್ಟಲು. ಗೋದಿ ಒಂದು ಬಟ್ಟಲು. ಕರಿ ಸಿಪ್ಪೆಯ ಉದ್ದು ಮುಕ್ಕಾಲು ಬಟ್ಟಲು. ಮೆಂತ್ಯ ಒಂದು ಚಹದ ಚಮಚ. ಇವು ನೆನೆಸಲು. ರಾಗಿ ಹಿಟ್ಟು ಒಂದು ಬಟ್ಟಲು. ಇದು ಆಮೇಲೆ ಬೆರೆಸಲು. ಮತ್ತೊಮ್ಮೆ ಹೇಳುತ್ತೇನೆ. ಜೋಳ ಒಂದು, ಗೋದಿ ಒಂದು, ಉದ್ದು ಮುಕ್ಕಾಲು, ಮೆಂತ್ಯ ಒಂದು ಚಮಚ, ರಾಗಿ ಹಿಟ್ಟು ಒಂದು ಬಟ್ಟಲು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಜೋಳ, ಗೋದಿ ತೊಳೆದು ಒಂದು ಪಾತ್ರೆಯಲ್ಲಿ ನೆನೆಹಾಕಿ. ನೀರು ಕಾಳಿನಿಂದ ನಾಲ್ಕು ಬೆರಳು ಮೇಲೆ ಇರಲಿ. ಹತ್ತು ಗಂಟೆ ನೆನೆಯಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಪುಣೆಯ ಸೆಕೆ 40 ಡಿಗ್ರಿ ಮುಟ್ಟುತ್ತದೆ. ಆಗ ಏಳು ಗಂಟೆ ಸಾಕು, ನಡುವೆ ಒಮ್ಮೆ ನೀರು ಬದಲಿಸಿ. ಮಧ್ಯಾಹ್ನ ಎರಡರ ಹೊತ್ತಿಗೆ ಉದ್ದು, ಮೆಂತ್ಯ ಬೇರೆ ಪಾತ್ರೆಯಲ್ಲಿ ನೆನೆಹಾಕಿ. ಅದಕ್ಕೆ ನಾಲ್ಕು ಗಂಟೆ ಸಾಕು.

ನೆನೆದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಜೋಳದ ಕಾಳು ತೆಗೆದು ಹಲ್ಲಿನ ನಡುವೆ ಇಡಿ. ಕಟ್ ಎಂದು ಸದ್ದು ಬಂದರೆ ಇನ್ನೂ ಇಲ್ಲ. ಸದ್ದಿಲ್ಲದೆ ಒಡೆದರೆ ಆಯಿತು. ಗೋದಿಯನ್ನು ಉಗುರಿನಿಂದ ಒತ್ತಿದರೆ ಬಿಳಿ ಹಾಲು ಬರಬೇಕು.

ಸಂಜೆ ಆರಕ್ಕೆ ರುಬ್ಬುವುದು. ಮೊದಲು ಉದ್ದು. ಸಿಪ್ಪೆ ಇದ್ದರೂ ಚಿಂತೆಯಿಲ್ಲ. ತಣ್ಣೀರು ಸ್ವಲ್ಪ ಸ್ವಲ್ಪವಾಗಿ ಹಾಕಿ ಉಬ್ಬುವ ತನಕ ರುಬ್ಬಿ. ಒಂದು ಚೂರು ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಡಿ. ತೇಲಿದರೆ ಉದ್ದು ಹದವಾಗಿದೆ. ಆಮೇಲೆ ಜೋಳ, ಗೋದಿ. ಇದನ್ನು ನುಣ್ಣಗೆ ರುಬ್ಬಿ. ಮಿಕ್ಸರಾದರೆ ಎರಡು ಸಲ ಮಾಡಿ, ನಡುವೆ ನಿಲ್ಲಿಸಿ. ಮಿಕ್ಸರ್ ಬಿಸಿಯಾದರೆ ಹಿಟ್ಟೂ ಬಿಸಿಯಾಗುತ್ತದೆ, ಹುಳಿ ಸರಿಯಾಗಿ ಏರುವುದಿಲ್ಲ. ರಾಗಿಯನ್ನು ಹಿಟ್ಟಾಗಿಯೇ ಬಳಸಿ ಎಂದದ್ದಕ್ಕೆ ಕಾರಣ ಬೇರೆ. ಅಷ್ಟು ಸಣ್ಣ ಕಾಳು ಮಿಕ್ಸರಿನ ಅಲಗಿಗೆ ಸಿಗದೆ ಜಾರುತ್ತದೆ. ಕೊನೆಗೆ ರಾಗಿ ಹಿಟ್ಟನ್ನು ಸೇರಿಸಿ, ಕೈಯಿಂದ ಕಲಸಿ. ಚಮಚ ಬೇಡ. ಬೆರಳುಗಳಿಗೆ ಗಂಟು ತಿಳಿಯುತ್ತದೆ, ಚಮಚಕ್ಕೆ ತಿಳಿಯುವುದಿಲ್ಲ. ಪಾತ್ರೆ ಅರ್ಧ ಮಾತ್ರ ತುಂಬಿರಲಿ. ಉಳಿದರ್ಧ ಉಬ್ಬುವುದಕ್ಕೆ ಬೇಕು.

ಈಗ ರಾತ್ರಿ. ನಾವು ಮಾಡುವ ಕೆಲಸ ಏನೂ ಇಲ್ಲ. ಆದರೆ ಪಾತ್ರೆಯಲ್ಲಿ ಬಹಳ ಕೆಲಸ ನಡೆಯುತ್ತದೆ. ಉದ್ದಿನ ಮೇಲೆ, ಕಾಳಿನ ಮೇಲೆ, ನಮ್ಮ ಕೈಯ ಮೇಲೆ ಇದ್ದ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆ ತಿಂದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಉದ್ದಿನ ಜಿಗುಟು ಆ ಗಾಳಿಯನ್ನು ಹಿಡಿದಿಡುತ್ತದೆ. ಹಿಟ್ಟು ಏರುತ್ತದೆ. ಹಂಚಿನ ಮೇಲೆ ಬೀಳುವ ತೂತುಗಳು ಈ ಗಾಳಿಯದೇ. ಇಷ್ಟು ಹೊತ್ತಿಗೆ ಹೊಟ್ಟು ಇನ್ನಷ್ಟು ಮೆತ್ತಗಾಗಿರುತ್ತದೆ.

ಖಡಕಿಯ ಚಳಿಗಾಲ ಈ ಕೆಲಸಕ್ಕೆ ಅಡ್ಡಿ. ಡಿಸೆಂಬರ್ ಜನವರಿಯಲ್ಲಿ ರಾತ್ರಿ 10 ಡಿಗ್ರಿಯ ಸುಮಾರಿಗೆ ಇಳಿಯುತ್ತದೆ. ನದಿಯ ಬದಿ, ಮರಗಳ ನೆರಳು, ಥಂಡಿ ಜಾಸ್ತಿ. ಮಂಗಳೂರಿನಲ್ಲಿ ಎಂಟು ಗಂಟೆಯಲ್ಲಿ ಏರುವ ಹಿಟ್ಟಿಗೆ ಇಲ್ಲಿ ಹದಿನಾಲ್ಕು ಗಂಟೆಯೂ ಬೇಕಾಗುತ್ತದೆ. ಹಾಗೆಂದು ಸೋಡಾ ಹಾಕಬೇಡಿ. ಸೋಡಾ ಉಬ್ಬಿಸುತ್ತದೆ ಅಷ್ಟೇ, ಹುಳಿ ಕೊಡುವುದಿಲ್ಲ. ಬದಲಿಗೆ ಉಗುರುಬೆಚ್ಚಗಿನ ನೀರಿರುವ ಅಗಲ ಪಾತ್ರೆಯೊಳಗೆ ಹಿಟ್ಟಿನ ಪಾತ್ರೆ ಇಡಿ. ಮೇಲೆ ಕಂಬಳಿ ಹೊದಿಸಿ. ಉಪ್ಪನ್ನು ಚಳಿಗಾಲದಲ್ಲಿ ಬೆಳಿಗ್ಗೆ ಹಾಕಿ, ಬೇಸಿಗೆಯಲ್ಲಿ ರಾತ್ರಿಯೇ ಹಾಕಿ. ಉಪ್ಪು ಹುಳಿಯ ವೇಗವನ್ನು ತುಸು ತಡೆಯುತ್ತದೆ.

ಹಿಂದಿನದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಬೆಳಿಗ್ಗೆ ನೆನೆಹಾಕಿದೆವು, ಸಂಜೆ ರುಬ್ಬಿದೆವು, ರಾತ್ರಿ ಬಿಟ್ಟುಬಿಟ್ಟೆವು. ಆದರೆ ಶನಿವಾರವೂ ಪಾಳಿ ಇರುವವರು ಏನು ಮಾಡಬೇಕು? ಅವರಿಗೊಂದು ಸಣ್ಣ ದಾರಿ ಇದೆ. ಅದನ್ನು ಕಲಿಯಬೇಕಾದದ್ದು ನಮ್ಮ ಮರಾಠಿ ನೆರೆಯವರಿಂದ.

ಅವರ ಮನೆಯಲ್ಲಿ ಧಿರಡೆ ಎಂಬ ತಿಂಡಿ ಇದೆ. ಗೋದಿ ಹಿಟ್ಟು, ಜೋಳದ ಹಿಟ್ಟು, ಕಡಲೆ ಹಿಟ್ಟು, ಯಾವುದಾದರೂ ಸರಿ. ನೀರಾಗಿ ಕಲಸಿ ಹಂಚಿಗೆ ಹುಯ್ಯುತ್ತಾರೆ. ರುಬ್ಬುವುದಿಲ್ಲ. ನಮ್ಮ ಮನೆಗಳ ಗೋದಿ ಹಿಟ್ಟಿನ ದೋಸೆಯ ತಂಗಿ ಅದು. ಒಂದು ಬಟ್ಟಲು ಹಿಟ್ಟಿಗೆ ಅರ್ಧ ಬಟ್ಟಲು ಹುಳಿ ಮಜ್ಜಿಗೆ, ಒಂದು ಬಟ್ಟಲು ನೀರು. ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ, ಉಪ್ಪು. ಇಲ್ಲೂ ಗುಟ್ಟು ಅದೇ. ಕಲಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಮುಚ್ಚಿಡಿ, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಆ ಹೊತ್ತಿನಲ್ಲಿ ಹೊಟ್ಟು ನೀರು ಕುಡಿದು ಹಿಟ್ಟು ಗಟ್ಟಿಯಾಗುತ್ತದೆ, ಹುಯ್ಯುವ ಮೊದಲು ಮತ್ತಷ್ಟು ನೀರು ಬೇಕಾಗುತ್ತದೆ. ಫ್ರಾನ್ಸಿನ ಬ್ರಿಟನಿ ಸೀಮೆಯವರು ಬಕ್‌ವೀಟ್ ಎಂಬ ಕಂದು ಕಾಳಿನ ಹಿಟ್ಟಿನಿಂದ ಗ್ಯಾಲೆಟ್ ಎಂಬ ತೆಳು ದೋಸೆ ಮಾಡುತ್ತಾರೆ. ಅವರೂ ಹಿಟ್ಟು ಕಲಸಿ ಗಂಟೆಗಟ್ಟಲೆ ಇಡುತ್ತಾರೆ. ಅಮೆರಿಕದ ಪ್ಯಾನ್‌ಕೇಕಿಗೆ ಮೈದಾ, ಮೊಟ್ಟೆ, ಬೇಕಿಂಗ್ ಪೌಡರು. ಕಲಸಿದ ಕೂಡಲೇ ಹುಯ್ಯಬಹುದು. ಅದೇ ಪ್ಯಾನ್‌ಕೇಕನ್ನು ಇಡೀ ಗೋದಿಯಿಂದ ಮಾಡುವಾಗ ಅಲ್ಲಿನವರೂ ಹಿಟ್ಟಿಗೆ ವಿಶ್ರಾಂತಿ ಕೊಡುತ್ತಾರೆ.

ರುಬ್ಬಿದ ಹಿಟ್ಟಾಗಲಿ, ಕಲಸಿದ ಹಿಟ್ಟಾಗಲಿ, ಈಗ ಸಿದ್ಧ. ರವಿವಾರ ಬೆಳಗಾಯಿತು. ಇನ್ನು ಹಂಚು.

ಎರಕದ ಕಬ್ಬಿಣದ ದಪ್ಪ ಹಂಚಿದ್ದರೆ ಅದನ್ನೇ ಇಡಿ. ಪುಣೆಯವರು ಬಿಡಾಚಾ ತವಾ ಎನ್ನುತ್ತಾರೆ. ತುಳಶಿಬಾಗಿನ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ಅದು ಕಾಯುವುದಕ್ಕೂ ಹೊತ್ತು ತೆಗೆದುಕೊಳ್ಳುತ್ತದೆ. ಆದರೆ ಒಮ್ಮೆ ಕಾದರೆ ಬಿಸಿ ಬಿಡುವುದಿಲ್ಲ. ಹಿಟ್ಟು ಬಿದ್ದಾಗ ತಣ್ಣಗಾಗುವುದಿಲ್ಲ. ಇಡೀ ಕಾಳಿನ ದೋಸೆಗೆ ಇದು ಮುಖ್ಯ. ತೆಳು ತವೆಯಲ್ಲಿ ಅದು ಅಂಟಿಕೊಂಡು ಕೂತುಬಿಡುತ್ತದೆ.

ಹಂಚಿನ ಹದ ಕಿವಿಯಿಂದಲೇ ತಿಳಿಯುತ್ತದೆ. ರೇಡಿಯೋದಲ್ಲಿ ನಾನು ತೋರಿಸಲಾರೆ. ನೀವು ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳಿ. ನೀರಿನ ನಾಲ್ಕು ಹನಿ ಚಿಮುಕಿಸಿ. ಸದ್ದಿಲ್ಲದೆ ಹರಡಿದರೆ ಹಂಚು ಕಾದಿಲ್ಲ. ಚುಂಯ್ ಎಂದು ಆರಿದರೆ ಸರಿಯಾದ ಹದ. ಹನಿ ಗೋಲಿಯಾಗಿ ಸದ್ದಿಲ್ಲದೆ ಓಡಾಡಿದರೆ ಅತಿಯಾಯಿತು. ಹನಿಯ ಕೆಳಗೆ ಆವಿಯ ಪದರ ಎದ್ದು ಅದು ಹಂಚನ್ನು ಮುಟ್ಟುತ್ತಲೇ ಇಲ್ಲ. ಉರಿ ಇಳಿಸಿ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಹಂಚಿಗೆ ಉಜ್ಜಿ. ಆ ವಾಸನೆಗೇ ಮಕ್ಕಳು ಹಾಸಿಗೆ ಬಿಟ್ಟು ಏಳುತ್ತಾರೆ.

ಹಿಟ್ಟು ಎಷ್ಟು ತೆಳುವಾಗಿರಬೇಕು? ಸೌಟನ್ನು ಅದ್ದಿ ಎತ್ತಿ. ಸೌಟಿನ ಬೆನ್ನಿಗೆ ಹಿಟ್ಟು ಹತ್ತಿಕೊಂಡಿರಬೇಕು. ಬೆರಳಿನಿಂದ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಒಂದು ಸೌಟು ನಡುವೆ ಹುಯ್ದು, ಒಳಗಿನಿಂದ ಹೊರಗೆ, ಹಗುರ ಕೈಯಲ್ಲಿ ಸುತ್ತಿಸಿ. ಕಾಗದದಷ್ಟು ತೆಳು ಮಾಡುವ ಹಟ ಬೇಡ. ಇಡೀ ಕಾಳಿನ ದೋಸೆ ಸ್ವಲ್ಪ ದಪ್ಪವಿದ್ದರೇ ಮೆತ್ತಗೆ. ಸುತ್ತ ಅರ್ಧ ಚಮಚ ಎಣ್ಣೆ. ಮುಚ್ಚಳ ಮುಚ್ಚಿ. ಉರಿ ನಡುಮಟ್ಟ.

ಇನ್ನು ಕೈ ಕಟ್ಟಿಕೊಂಡು ನಿಲ್ಲಿ. ಅಕ್ಕಿ ದೋಸೆಗೆ ಒಂದು ನಿಮಿಷವಾದರೆ ಇದಕ್ಕೆ ಎರಡು ನಿಮಿಷ ಬೇಕು. ಮೊದಲು ಮುಚ್ಚಳದ ಕೆಳಗೆ ಜೋರಾಗಿ ಸದ್ದು. ಅದು ನೀರು ಆರುವ ಸದ್ದು. ಮೆಲ್ಲಗೆ ಸದ್ದು ಇಳಿಯುತ್ತದೆ, ಹುರಿದ ಜೋಳದ ವಾಸನೆ ಏಳುತ್ತದೆ. ಆಗ ಮುಚ್ಚಳ ತೆಗೆಯಿರಿ. ಅಂಚು ತಾನಾಗಿ ಹಂಚು ಬಿಟ್ಟಿರುತ್ತದೆ. ಬಿಟ್ಟಿಲ್ಲವಾದರೆ ಸೌಟಿನಿಂದ ಕೆರೆಯಬೇಡಿ. ಇನ್ನೂ ಅರ್ಧ ನಿಮಿಷ ತಡೆಯಿರಿ. ಅವಸರದಲ್ಲಿ ಕೆರೆದ ದೋಸೆಯ ಚೂರು ಹಂಚಿಗೆ ಹತ್ತಿದರೆ ಮುಂದಿನ ದೋಸೆಯೂ ಅಲ್ಲೇ ಹರಿಯುತ್ತದೆ.

ಮೈಯೆಲ್ಲ ಕಂದು, ನಡುನಡುವೆ ಕಪ್ಪು ಉದ್ದಿನ ಸಿಪ್ಪೆಯ ಚುಕ್ಕಿ. ನೋಡಲು ಹೋಟೆಲಿನ ದೋಸೆಯ ಹೊಳಪು ಇರುವುದಿಲ್ಲ. ಪುಣೆಯಲ್ಲಿ ಫರ್ಗ್ಯೂಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿ ಹೋಟೆಲುಗಳ ದೋಸೆ ಹೆಸರುವಾಸಿ. ನಮ್ಮ ಕರಾವಳಿಯವರು ಆ ರುಚಿಯನ್ನು ಈ ಊರಿಗೆ ಕಲಿಸಿದರು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಆ ಬಣ್ಣವನ್ನು ಮನೆಯ ಈ ದೋಸೆಯಲ್ಲಿ ಹುಡುಕಬೇಡಿ. ಇದಕ್ಕೆ ಇದರದೇ ರುಚಿ. ಮೊದಲ ತುತ್ತಿಗೆ ಹುಳಿ, ಅಗಿದಂತೆ ಕಾಳಿನ ಸಿಹಿ.

ಜೊತೆಗೆ ಏನು? ಶೇಂಗಾ ಚಟ್ನಿಪುಡಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ. ಗಟ್ಟಿ ಮೊಸರು ಅಥವಾ ಬೆಣ್ಣೆ. ಇಲ್ಲಿಯವರ ಹಸಿಮೆಣಸಿನಕಾಯಿ ಠೇಚಾ ಕೂಡ ಜೋಳದ ದೋಸೆಗೆ ಬಹಳ ಹೊಂದುತ್ತದೆ. ತಟ್ಟೆಯಲ್ಲಿ ಒಂದು ಹೋಳು ನಿಂಬೆ ಇರಲಿ. ನಿಂಬೆಯ ಸಿ ಜೀವಸತ್ವ ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ತಿಂದ ಕೂಡಲೇ ಚಹ ಬೇಡ, ಅದು ಆ ಕೆಲಸವನ್ನು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ರವಿವಾರ ತಾನೆ, ಚಹವೂ ಕಾಯಬಹುದು.

ಚಿಕ್ಕ ಮಕ್ಕಳಿಗೆ ಸಿಹಿ ದೋಸೆ. ಅರ್ಧ ಬಟ್ಟಲು ಬೆಲ್ಲವನ್ನು ಬಿಸಿನೀರಲ್ಲಿ ಕರಗಿಸಿ, ಸೋಸಿ, ಆರಿಸಿ. ಎರಡು ಬಟ್ಟಲು ಹಿಟ್ಟಿಗೆ ಬೆರೆಸಿ. ಏಲಕ್ಕಿ, ಕೊಬ್ಬರಿ ತುರಿ. ಚಿಕ್ಕದಾಗಿ, ದಪ್ಪವಾಗಿ ಹುಯ್ಯಿರಿ. ಉರಿ ಬಹಳ ಸಣ್ಣದಿರಲಿ, ಬೆಲ್ಲ ಬೇಗ ಹತ್ತುತ್ತದೆ. ತುಪ್ಪ ಹಾಕಿ ಬಿಸಿಯಾಗಿ ಕೊಡಿ.

ಮನೆಯ ಗಂಡಸರಿಗೆ ಒಂದು ಮಾತು ಹೇಳುವುದಿದೆ. ಅಣ್ಣಂದಿರೇ, ಈ ಅಡಿಗೆಯಲ್ಲಿ ನಿಮಗೂ ಪಾಲಿದೆ. ಗಿರಣಿಗೆ ಡಬ್ಬಿ ಒಯ್ಯುವುದು, ಶನಿವಾರ ಎಂಟಕ್ಕೆ ಕಾಳು ತೊಳೆದು ನೆನೆಹಾಕುವುದು, ಹಂಚಿನ ಮುಂದೆ ನಿಲ್ಲುವುದು, ಇವು ನಿಮ್ಮಿಂದಲೂ ಆಗುವ ಕೆಲಸ. ಈ ದೋಸೆ ಒಂದೊಂದೇ ಏಳುತ್ತದೆ, ಹೊತ್ತು ಹಿಡಿಯುತ್ತದೆ. ಹುಯ್ಯುವವರು ಒಬ್ಬರೇ ಆದರೆ ಅವರು ಕೊನೆಗೆ ತಣ್ಣಗಿನದನ್ನು ತಿನ್ನಬೇಕು. ಅರ್ಧ ಆದ ಮೇಲೆ ಸೌಟು ಕೈ ಬದಲಾಗಲಿ. ಆಗ ಎಲ್ಲರಿಗೂ ಬಿಸಿಯಾಗಿ ಸಿಗುತ್ತದೆ.

ನೆನೆಸುವುದು, ರುಬ್ಬುವುದು, ಹುಯ್ಯುವುದು ಆಯಿತು. ಉಳಿದದ್ದು ಒಂದೇ. ಪಾತ್ರೆಯ ತಳದಲ್ಲಿ ಹಿಟ್ಟು ಮಿಕ್ಕಿದ್ದರೆ ಫ್ರಿಜ್ಜಿನಲ್ಲಿಡಿ. ಮರುದಿನಕ್ಕೆ ಇನ್ನಷ್ಟು ಹುಳಿಯಾಗಿರುತ್ತದೆ. ಅದಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಒಂದು ಹಿಡಿ ಮೆಂತ್ಯಸೊಪ್ಪು ಹಾಕಿ. ಗುಳಿಗಳಿರುವ ಪಡ್ಡಿನ ಹಂಚಿಗೆ ಎಣ್ಣೆ ಸವರಿ, ಗುಳಿಗೆ ಒಂದೊಂದು ಚಮಚ ಹಿಟ್ಟು ಬಿಡಿ. ಮುಚ್ಚಿ ಮೂರು ನಿಮಿಷ, ತಿರುವಿ ಎರಡು ನಿಮಿಷ. ಸೋಮವಾರ ಬೆಳಗಿನ ಪಾಳಿಯ ಡಬ್ಬಿಗೆ ಪಡ್ಡು ತಯಾರು. ಆರಿದ ಮೇಲೂ ಗಟ್ಟಿಯಾಗುವುದಿಲ್ಲ, ಚಟ್ನಿಪುಡಿ ಎಣ್ಣೆಯಲ್ಲಿ ಕಲಸಿ ಪಕ್ಕದಲ್ಲಿಟ್ಟರೆ ಮಧ್ಯಾಹ್ನದವರೆಗೆ ನಡೆಯುತ್ತದೆ.